ಹನ್ನೊಂದು ಮನೆಯ ಮೊಹರು

ಮಿಸಾವೊ ತನ್ನ ನೆರಳನ್ನೂ ಯಾವ ಊರು, ಯಾರ ಕಡೆಯವರು ಎಂದು ವಿಚಾರಿಸಿಯೇ ಒಳಗೆ ಬಿಟ್ಟುಕೊಳ್ಳುತ್ತಾಳೆ ಎಂದು ಓಣಿಯವರು ಹೇಳುತ್ತಿದ್ದರು. ಪಕ್ಕದ ಮನೆಯ ಕಿನುಯೊಗೆ ಅಷ್ಟೂ ಸಾಲದು. "ಮೀನು ಒಣಗಿ ಹಾಕ್ತಾಳಲ್ಲ, ಹೋಗಿ ನೋಡಿ. ಎಲ್ಲಾ ಮೀನಿನ ಮುಖ ಸಮುದ್ರದ ಕಡೆಗೆ. ಮನೆಯೊಳಗೆ ಇಣುಕಿಬಿಟ್ರೆ ಅಂತ," ಎನ್ನುತ್ತಿದ್ದಳು. ಈ ಮಾತು ಮಿಸಾವೊಳ ಕಿವಿಗೂ ಬಿದ್ದಿತ್ತು. ಮೀನಿನ ಮುಖವನ್ನು ಅಷ್ಟು ಗಮನಿಸಿ ನೋಡಬೇಕಾದರೆ ಈ ಕಿನುಯೊ ದಿನಕ್ಕೆಷ್ಟು ಹೊತ್ತು ತನ್ನ ಅಂಗಳದಲ್ಲಿ ಕಣ್ಣಿಟ್ಟಿರಬೇಕು ಎಂದು ಅವಳಿಗೆ ಅದೂ ಒಂದು ಅನುಮಾನವಾಯಿತು.

ಅನುಮಾನಕ್ಕೆ ಬೇರು ಇತ್ತು. ಆ ಮನೆ ಅವಳದಲ್ಲ.

ತೊಮೊ ಬಂದರಿನ ಕಲ್ಲುಮೆಟ್ಟಿಲುಗಳಿಂದ ಮೇಲೆ ಹತ್ತಿದರೆ ಮೂರನೆಯ ತಿರುವಿನಲ್ಲಿರುವ ಆ ಎರಡಂತಸ್ತಿನ ಮರದ ಮನೆ ತೊಕಿ ಎಂಬ ಹೆಂಗಸಿನದು. ನಲವತ್ತೆರಡು ವರ್ಷದ ಹಿಂದೆ ತೊಕಿ ಒಸಾಕಾದಲ್ಲಿದ್ದ ಮಗನ ಹತ್ತಿರ ಹೋಗುವಾಗ, ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ಇಸಾಮುವನ್ನೂ ಅವನ ಹೊಸ ಹೆಂಡತಿ ಮಿಸಾವೊಳನ್ನೂ ಕರೆದು, "ಮನೆ ಮುಚ್ಚಿಟ್ಟರೆ ಕೊಳೆಯುತ್ತೆ. ನೀವು ಇರಿ. ವರ್ಷದ ಕೊನೆಗೆ ನಿನ್ನ ಕೈಯ ಒಣಮೀನು ಒಂದು ಪೆಟ್ಟಿಗೆ ಕಳಿಸು, ಅಷ್ಟು ಸಾಕು ಕಣೆ," ಎಂದಿದ್ದಳು. ಕಾಗದವಿಲ್ಲ, ಸಾಕ್ಷಿಯಿಲ್ಲ. ಬಾಗಿಲಲ್ಲಿ ನಿಂತು ಆಡಿದ ಮಾತು, ಅಷ್ಟೆ. ಪೆಟ್ಟಿಗೆ ಹೋಗುತ್ತಿತ್ತು, ಹೊಸ ವರ್ಷಕ್ಕೆ ತೊಕಿಯ ಕೈಬರಹದ ಕಾರ್ಡು ಬರುತ್ತಿತ್ತು. ಮಕ್ಕಳಾಗಲಿಲ್ಲ. ಇಸಾಮು ಒಂದು ಬೇಸಿಗೆಯಲ್ಲಿ ಎದೆನೋವೆಂದು ಕೂತವನು ಏಳಲಿಲ್ಲ. ಆಗಲೂ ಪೆಟ್ಟಿಗೆ ತಪ್ಪಲಿಲ್ಲ.

ಮೂರು ವರ್ಷದ ಹಿಂದೆ, ಚಳಿಗಾಲದ ಮೊದಲಲ್ಲಿ, ಒಸಾಕಾದಿಂದ ಬೂದುಬಣ್ಣದ ಅಂಚಿನ ಅಚ್ಚಾದ ಕಾರ್ಡು ಬಂತು. ಮನೆಯಲ್ಲಿ ಸಾವಾಗಿದೆ, ಈ ಸಲ ಹೊಸ ವರ್ಷದ ಶುಭಾಶಯ ಕಳಿಸುವುದಿಲ್ಲ ಎಂದು. ತೊಕಿ ತೀರಿಹೋಗಿದ್ದಳು. ಮಿಸಾವೊ ಕಾರ್ಡನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದಳು. ಆಮೇಲೆ ಕೂತು ಯೋಚಿಸಿದಳು. ಮೀನು ಕಳಿಸಿದರೆ ತೊಕಿಯ ಮನೆಯವರಿಗೆ, ಓಹೋ, ಅಲ್ಲೊಂದು ಮನೆಯಿದೆಯಲ್ಲ, ಎಂದು ನೆನಪಾಗುತ್ತದೆ. ಕಳಿಸದಿದ್ದರೆ ಮರೆಯುತ್ತಾರೆ. ಆ ವರ್ಷದಿಂದ ಪೆಟ್ಟಿಗೆ ನಿಂತಿತು.

ಆದರೆ ಊರನ್ನು ಮರೆಯಲು ಲೋಕ ಬಿಡಬೇಕಲ್ಲ. ಕೆಲವು ವರ್ಷ ಮೊದಲು ಮಕ್ಕಳದೊಂದು ಅನಿಮೇಷನ್ ಚಿತ್ರ ಬಂದಿತ್ತು. ಅದನ್ನು ಮಾಡಿದವರು ನಮ್ಮ ಬಂದರಿನಲ್ಲೇ ಕೆಲವು ದಿನ ಇದ್ದು ಹೋಗಿದ್ದರಂತೆ, ಚಿತ್ರದಲ್ಲಿ ಕಾಣುವ ಕಡಲೂ ಗುಡ್ಡವೂ ನಮ್ಮವೇ ಅಂತೆ. ಅಲ್ಲಿಂದ ಶುರುವಾಯಿತು ಜನ ಬರುವುದು. ಚಿತ್ರದ ಹಾಳೆ ಹಿಡಿದು ಸೂರಿಗೂ ಕಿಟಕಿಗೂ ತಾಳೆ ನೋಡುವವರು, ಬೆಕ್ಕನ್ನು ಹಿಂಬಾಲಿಸಿ ಹಿತ್ತಿಲಿಗೆ ಬರುವವರು. ಓಣಿಯ ಉಳಿದ ಹತ್ತು ಮನೆಯವರಿಗೆ ಅದು ಸಡಗರ. ಮಿಸಾವೊಗೆ ಮಾತ್ರ ತಲೆಯೆತ್ತಿ ಸೂರು ನೋಡಿದವರೆಲ್ಲ ಮನೆಗೆ ಬೆಲೆ ಕಟ್ಟುವವರಂತೆ ಕಾಣುತ್ತಿದ್ದರು. ಚಿತ್ರವನ್ನು ಅವಳು ನೋಡಲೇ ಇಲ್ಲ. "ನೋಡಿದ್ರೆ ನಮ್ಮ ಮನೆ ಅದರಲ್ಲಿದೆ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ," ಎನ್ನುತ್ತಿದ್ದಳು.

ಈ ವರ್ಷದ ಗೊಂಬೆ ಹಬ್ಬದ ತಿಂಗಳು. ಓಣಿಯ ಪ್ರತಿ ಮನೆಯವರೂ ಅಜ್ಜಿ ಮುತ್ತಜ್ಜಿಯರ ರಾಜ-ರಾಣಿ ಗೊಂಬೆಗಳನ್ನು ಬೀದಿ ಕಡೆಯ ಕೋಣೆಯಲ್ಲಿ ಕೂರಿಸಿ, ದಾರಿಹೋಕರು ನೋಡಲೆಂದು ಬಾಗಿಲು ತೆರೆದಿಡುವ ಕಾಲ. ಮಿಸಾವೊಳ ಬಾಗಿಲೊಂದೇ ಮುಚ್ಚಿತ್ತು. ಸಂದುಗಳುಳ್ಳ ಮರದ ಜಾಲರಿಯ ಹಿಂದೆ ಕೂತು ಮೀನಿನ ಹೊಟ್ಟೆ ಬಗೆಯುತ್ತಿದ್ದವಳಿಗೆ ಹಸಿರು ಕೋಟಿನ ಹುಡುಗಿಯೊಬ್ಬಳು ಕಂಡಳು. ಮೂವತ್ತು ಇದ್ದೀತು. ಒಂಟಿ. ಕೈಯಲ್ಲಿ ಚಿತ್ರದ ಹಾಳೆಯಿಲ್ಲ, ಫೋಟೋ ತೆಗೆಯುತ್ತಿಲ್ಲ. ಸುಮ್ಮನೆ ನಿಂತು ಮೇಲಿನ ಕಿಟಕಿ ನೋಡಿದಳು. ಹೆಸರಿನ ಹಲಗೆ ಇರುತ್ತಿದ್ದ ಬಾಗಿಲಿನ ಕಂಬ ನೋಡಿದಳು. ಇಸಾಮು ಹೋದ ಮೇಲೆ ಆ ಹಲಗೆಯನ್ನು ಮಿಸಾವೊ ಕಿತ್ತು ಒಳಗಿಟ್ಟಿದ್ದಳು. ಹುಡುಗಿ ಪುಸ್ತಕದಲ್ಲಿ ಏನೋ ಬರೆದುಕೊಂಡು ಹೋದಳು.

ಮಾರನೆಯ ದಿನ ಮತ್ತೆ ಬಂದಳು.

ಈಗ ಮಿಸಾವೊ ಕೂರಲಿಲ್ಲ. ಬುಟ್ಟಿಗೆ ನಾಲ್ಕು ಒಣಮೀನು ಹಾಕಿಕೊಂಡು, ಮಾರಲು ಹೊರಟವಳಂತೆ ಹಿಂದೆ ಬಿದ್ದಳು. ಹುಡುಗಿ ಬಂದರಿನ ಕಲ್ಲಿನ ದೀಪಸ್ತಂಭದ ಹತ್ತಿರ ನಿಂತರೆ ಇವಳು ದೋಣಿಯ ಹಗ್ಗದ ರಾಶಿಯ ಮರೆ. ಹುಡುಗಿ, ಗಿಡಮೂಲಿಕೆ ನೆನೆಸಿದ ಮದ್ದಿನ ಮದ್ಯ ಮಾರುವ ಸೊಮೆಯಾನ ಅಂಗಡಿಗೆ ಹೊಕ್ಕರೆ ಇವಳು ಪಕ್ಕದ ಗೋಡೆಯ ಮರೆ. ಸೊಮೆಯಾ ಎಂದರೆ ಓಣಿಯ ಯಜಮಾನ, ಬೋಳುತಲೆಯ ನಗೆಮುಖದವನು. ಹುಡುಗಿ ಹೊರಟ ಮೇಲೆ ಮಿಸಾವೊ ಒಳನುಗ್ಗಿದಳು.

"ಏನು ಕೇಳಿದ್ಲು?"

"ಮೀನು ಬೇಕಾಗಿಲ್ಲಮ್ಮ."

"ಹಾಸ್ಯ ಸಾಕು. ಏನು ಕೇಳಿದ್ಲು ಹೇಳು."

"ಮೂರನೇ ತಿರುವಿನ ಮನೇಲಿ ಯಾರಿದ್ದಾರೆ, ಈಗಲೂ ಇದ್ದಾರಾ ಅಂದ್ಲು. ನಾನು ಹೇಳೋಷ್ಟರಲ್ಲಿ ಬೇರೆ ಗಿರಾಕಿ ಬಂದ. ನಾಳೆ ಬರ್ತೀನಿ ಅಂತ ಹೋದ್ಲು. ಒಳ್ಳೇ ಹುಡುಗಿ ಹಾಗಿದ್ದಾಳೆ."

"ಕೆಟ್ಟವರು ಹಣೆ ಮೇಲೆ ಬರ್ಕೊಂಡು ಬರ್ತಾರಾ?"

ಆ ಸಂಜೆಯೇ ಸುತ್ತುಹಲಗೆ ಅವಳ ಮನೆಗೆ ಬಂತು. ಓಣಿಗೆ ತಿಳಿಸಬೇಕಾದ ಸುದ್ದಿಯನ್ನೆಲ್ಲ ಒಂದು ಹಲಗೆಗೆ ಸಿಕ್ಕಿಸಿ ಮನೆಯಿಂದ ಮನೆಗೆ ದಾಟಿಸುವುದು ನಮ್ಮಲ್ಲಿ ರೂಢಿ. ಓದಿ, ತಮ್ಮ ಸಾಲಿನಲ್ಲಿ ಮೊಹರು ಒತ್ತಿ, ಮುಂದಿನ ಬಾಗಿಲಿಗೆ ಇಡಬೇಕು. ಒತ್ತಿದ ಮೇಲೆ ಗೊತ್ತಿರಲಿಲ್ಲ ಅನ್ನುವಂತಿಲ್ಲ, ಒಪ್ಪಲಿಲ್ಲ ಅನ್ನುವಂತಿಲ್ಲ. ಆ ಸಲ ಹಲಗೆಯಲ್ಲಿದ್ದದ್ದು ಚರಂಡಿ ಗುಡಿಸುವ ಸರದಿ. ಮಿಸಾವೊ ಅದರ ಮೇಲೆ ಇನ್ನೊಂದು ಹಾಳೆ ಸಿಕ್ಕಿಸಿ, ದಪ್ಪ ಕುಂಚದಲ್ಲಿ ಬರೆದಳು. ಹಸಿರು ಕೋಟಿನ ಹೆಂಗಸು ಮನೆಗಳ ವಿಚಾರ ಕೇಳುತ್ತ ತಿರುಗುತ್ತಿದ್ದಾಳೆ, ಏನು ಕೇಳಿದರೂ ಗೊತ್ತಿಲ್ಲ ಎನ್ನಿ, ಎಂದು.

ಅವಳು ಜೀವಮಾನದಲ್ಲಿ ಓಣಿಯನ್ನು ಏನನ್ನೂ ಕೇಳಿದವಳಲ್ಲ. ಅದಕ್ಕೇ ಇರಬೇಕು, ಸಾಧಾರಣವಾಗಿ ಮೂರು ದಿನ ಹಿಡಿಯುವ ಹಲಗೆ ಮಾರನೆಯ ಬೆಳಗಿನ ಹತ್ತು ಗಂಟೆಗೆಲ್ಲ ಸುತ್ತಿ ಬಂತು. ಅವಳದೂ ಸೇರಿ ಹನ್ನೊಂದು ಕೆಂಪು ಮೊಹರು, ಒಂದೂ ಓರೆಯಿಲ್ಲ.

ಮೂರನೆಯ ದಿನ ಹುಡುಗಿ ಮನೆಮನೆಗೆ ಹೋದಳು. ಗೊಂಬೆ ನೋಡಲು ಎಲ್ಲರೂ ಕರೆದರು, ಟೀ ಕೊಟ್ಟರು. ಮೂರನೇ ತಿರುವಿನ ಮಾತೆತ್ತಿದರೆ ಮುಗುಳ್ನಕ್ಕು ಗೊತ್ತಿಲ್ಲ ಎಂದರು. ಕಿನುಯೊ ಅಂತೂ, "ಪಕ್ಕದ ಮನೆಯಾ? ಅದರಲ್ಲಿ ಯಾರಾದ್ರೂ ಇದ್ದಾರಾ? ನನಗೆ ಕಣ್ಣು ಮಂದ ಕಣಮ್ಮ," ಎಂದಳಂತೆ.

ಕೊನೆಗೆ ಹುಡುಗಿ ಮಿಸಾವೊಳ ಬಾಗಿಲನ್ನೇ ತಟ್ಟಿದಳು.

"ಕ್ಷಮಿಸಿ. ಯಾರಾದ್ರೂ ಇದ್ದೀರಾ?"

ಮಿಸಾವೊ ಉಸಿರು ಹಿಡಿದಳು. ಒಲೆಯ ಮೇಲೆ ಕೆಟಲು ಸದ್ದು ಮಾಡುತ್ತಿತ್ತು. ಇಲ್ಲವೆಂದು ಸುಮ್ಮನಿರುವ ಹಾಗಿಲ್ಲ.

"ನಾನು ಗುಡಿಸೋಕೆ ಬಂದವಳು," ಎಂದಳು ಜಾಲರಿಯೊಳಗಿಂದ. "ಇಲ್ಲಿ ಯಾರೂ ಇಲ್ಲ."

"ಮಿಸಾವೊ ಅನ್ನೋರು ಇದ್ರಲ್ಲ?"

ಹೆಸರು ಗೊತ್ತು. ಇವಳು ಸಾಮಾನ್ಯದವಳಲ್ಲ.

"ಅವಳಾ? ಹೊರಟುಹೋಗಿ ಎಷ್ಟೋ ವರ್ಷ ಆಯ್ತು. ಬೇಡ ಅಂತ ಬಿಟ್ಟು ಹೋದ್ಲು."

"ಹೌದಾ," ಎಂದಿತು ಹೊರಗಿನ ದನಿ. "ಅವರಿಗೆ ಈ ಮನೆ ಇಷ್ಟ ಇತ್ತಾ?"

"ಈ ಹಳೇ ಗೂಡು ಯಾರಿಗೆ ಇಷ್ಟ. ಹೋಗಮ್ಮ, ಧೂಳು ಏಳುತ್ತೆ."

ಹೆಜ್ಜೆಗಳು ಇಳಿದು ಹೋದವು. ಮಿಸಾವೊ ಆ ಮಧ್ಯಾಹ್ನ ಎರಡು ಬಟ್ಟಲು ಅನ್ನ ಉಂಡಳು. ತಾನೇ ಒಣಗಿಸಿದ ಮೀನಿನಲ್ಲಿ ಐದನ್ನು ಕಾಗದದಲ್ಲಿ ಸುತ್ತಿ ಕಿನುಯೊಳ ಬಾಗಿಲಿಗೆ ಕೊಂಡುಹೋದಳು. "ಇದೇನೇ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಎಂದಳು ಕಿನುಯೊ. "ಹುಟ್ಟೋ ಕಡೆನೇ ಹುಟ್ಟಿದ. ಹಿಡಿ, ಬೆಕ್ಕಿಗೆ ಹಾಕ್ಬೇಡ," ಎಂದು ಮಿಸಾವೊ ಮರಳಿದಳು.

ಗೊಂಬೆಗಳು ಪೆಟ್ಟಿಗೆ ಸೇರಿದವು. ಕೆಂಪು ಮೀನಿನ ಬೇಟೆಯ ಕಾಲ ಬಂತು. ಮೇ ತಿಂಗಳ ಒಂದು ಬೆಳಗ್ಗೆ ಮಿಸಾವೊ ಮಹಡಿಯಲ್ಲಿ ಹಾಸಿಗೆ ಕೊಡವುತ್ತಿದ್ದಾಗ ಕೆಳಗೆ ಬೀಗದಲ್ಲಿ ಕೀಲಿ ತಿರುಗಿದ ಸದ್ದು ಕೇಳಿತು. ಅವಳ ಕೀಲಿ ಅವಳ ಸೊಂಟದಲ್ಲೇ ಇತ್ತು. ಪೊರಕೆ ಹಿಡಿದು ಇಳಿದಳು. ಬಾಗಿಲಲ್ಲಿ ಕಪ್ಪು ಸೂಟಿನವನೊಬ್ಬ, ಅವನ ಹಿಂದೆ ಆ ಹುಡುಗಿ.

"ಗುಡಿಸೋಕೆ ಬಂದವರಾ?" ಎಂದಳು ಹುಡುಗಿ. ಆಮೇಲೆ ಅವಳ ಕಣ್ಣು ಜಗಲಿಯ ಮೇಲಿನ ಚಪ್ಪಲಿಗೆ, ಒಲೆಯ ಮೇಲಿನ ಪಾತ್ರೆಗೆ, ದೇವರ ಗೂಡಿನ ಇಸಾಮುವಿನ ಫೋಟೋಗೆ, ಅದರ ಪಕ್ಕದ ಬೂದುಬಣ್ಣದ ಅಂಚಿನ ಕಾರ್ಡಿಗೆ ಹೋಯಿತು.

"ನೀವು ಮಿಸಾವೊ ಅಜ್ಜಿ."

"ನೀನು ಯಾರು ಅದನ್ನ ಹೇಳು ಮೊದಲು."

ಅವಳು ಚಿಗುಸಾ, ತೊಕಿಯ ಮೊಮ್ಮಗಳು. ಮನೆ ಅವಳ ಪಾಲಿಗೆ ಬಂದಿತ್ತು. ಆ ಚಿತ್ರವನ್ನು ಮಕ್ಕಳೊಂದಿಗೆ ನೋಡುವಾಗ, ಇದು ಅಜ್ಜಿಯ ಊರಲ್ಲವೇ, ನಾವು ಒಮ್ಮೆಯೂ ಹೋಗಲಿಲ್ಲವಲ್ಲ, ಎಂದು ಅನಿಸಿ ಹೊರಟು ಬಂದಿದ್ದಳು.

"ಅಜ್ಜಿ ಸಾಯೋ ಮುಂಚೆ ಹೇಳಿದ್ರು," ಎಂದಳು ಚಿಗುಸಾ ನೆಲ ನೋಡುತ್ತ. "ಮಿಸಾವೊ ಇರ್ತೀನಿ ಅಂದ್ರೆ ಮನೆ ಮಾರಬೇಡ. ಆದ್ರೆ ಅವಳನ್ನೇ ನೇರ ಕೇಳಬೇಡ. ಕೇಳಿದ್ರೆ ನಿನ್ನ ಮುಖ ನೋಡಿ, ಅಯ್ಯೋ ನನ್ನಿಂದ ನಿಮಗೆ ತೊಂದರೆ ಯಾಕೆ, ಹೋಗ್ತೀನಿ ಅಂದುಬಿಡ್ತಾಳೆ. ಅವಳ ಮನಸ್ಸು ಓಣಿಯವರಿಗೆ ಗೊತ್ತಿರುತ್ತೆ, ಅವರನ್ನ ಕೇಳು ಅಂತ. ನಾನು ಕೇಳಿದೆ. ಹತ್ತೂ ಮನೆ ಕೇಳಿದೆ. ಒಬ್ಬರಿಗೂ ನೀವು ಗೊತ್ತಿರಲಿಲ್ಲ. ಮೂರು ವರ್ಷ ಮೀನೂ ಬಂದಿರಲಿಲ್ಲ. ಕೊನೆಗೆ ಒಳಗಿಂದ..."

ಮಿಸಾವೊ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅದು ಜಾರಿ ಬಿತ್ತು. ಎತ್ತಲಿಲ್ಲ.

ಹಿಂದಿನ ವಾರ ಮನೆ ಕೈಬದಲಾಗಿತ್ತು. ಕೊಂಡವನು ಸೂಟಿನವನೇ. ಚಿತ್ರ ನೋಡಿ ಬರುವವರಿಗೆಂದು ತಂಗುಮನೆ ಮಾಡುವವನಿದ್ದ. ಕೆಟ್ಟ ಮನುಷ್ಯನಲ್ಲ. ಅಲ್ಲೇ ನಿಂತು ಯೋಚಿಸಿ, "ಅಜ್ಜಿ, ನೀವು ಇಲ್ಲೇ ಇರಬಹುದು. ಹಿಂದಿನ ಕೋಣೆ ನಿಮಗೇ. ನೀವು ಹೀಗೆ ಮೀನು ಒಣಗಿಸ್ತಾ ಕೂತಿದ್ರೆ ಬಂದವರಿಗೂ ಎಷ್ಟು ಚೆನ್ನಾಗಿರುತ್ತೆ," ಎಂದ.

ಮಿಸಾವೊ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗೊಂಬೆ ಹಬ್ಬದಲ್ಲಿ ಕೂರಿಸಿದ ಹಾಗೆ," ಎಂದಳು.

ಸುದ್ದಿ ಓಣಿಗೆ ಹಬ್ಬಲು ಹಲಗೆ ಬೇಕಾಗಲಿಲ್ಲ. ಮಧ್ಯಾಹ್ನದೊಳಗೆ ಎಲ್ಲರೂ ಸೊಮೆಯಾನ ಅಂಗಡಿಯಲ್ಲಿ ಸೇರಿದ್ದರು.

"ಎಲ್ಲಾ ಈ ಕಿನುಯೊ ಮಾಡಿದ್ದು," ಎಂದಳು ಮಿಸಾವೊ. "ಯಾರೂ ಇಲ್ಲ ಅನ್ನೋ ಹಾಗೆ ಮಾತಾಡು ಅಂತ ಯಾರು ಹೇಳಿದ್ರು ಇವಳಿಗೆ? ಮನೆ ಮೇಲೆ ಕಣ್ಣಿತ್ತಾ?"

ಕಿನುಯೊ ಎದ್ದು ನಿಂತಳು. "ಏನು ಕೇಳಿದ್ರೂ ಗೊತ್ತಿಲ್ಲ ಅನ್ನಿ ಅಂತ ಬರೆದವಳು ಯಾರೇ? ನಿನ್ನ ಕೈಬರಹ ಇನ್ನೂ ಹಲಗೆ ಮೇಲಿದೆ, ತರಲಾ? ನಲವತ್ತು ವರ್ಷಕ್ಕೆ ಒಂದು ಸಲ ಬಾಯಿ ಬಿಟ್ಟು ಕೇಳಿದ್ದೀಯ ಅಂತ ನಾವು ಹತ್ತು ಮನೆಯವರು ತುಟಿ ಹೊಲ್ಕೊಂಡ್ವಿ. ನನ್ನ ಗಂಡ ನಿದ್ದೇಲೂ ಗೊತ್ತಿಲ್ಲ ಗೊತ್ತಿಲ್ಲ ಅಂತಿದ್ದ."

ಯಾರೋ ನಗಲು ಹೋಗಿ ನಿಲ್ಲಿಸಿದರು.

ಸೊಮೆಯಾ ಗಂಟಲು ಸರಿಮಾಡಿಕೊಂಡ. "ನಲವತ್ತೆರಡು ವರ್ಷ ಇದ್ದವಳನ್ನ ಹಾಗೆಲ್ಲ ಎಬ್ಬಿಸೋಕಾಗಲ್ಲ. ವಕೀಲರನ್ನ ಕೇಳೋಣ. ನಾವೆಲ್ಲ ಸಾಕ್ಷಿ ಹೇಳ್ತೀವಿ."

"ಏನಂತ ಹೇಳ್ತೀಯ?" ಎಂದಳು ಮಿಸಾವೊ. "ಮೊದಲು ಗೊತ್ತಿಲ್ಲ ಅಂದ್ವಿ, ಈಗ ಗೊತ್ತಾಯ್ತು ಅಂತಲಾ? ಆ ಹುಡುಗಿ ನನ್ನನ್ನೂ ಕೇಳಿದ್ಲು. ಇಷ್ಟ ಇತ್ತಾ ಅಂತ ಕೇಳಿದ್ಲು. ಇಲ್ಲ ಅಂದವಳು ನಾನು."

ಸೊಮೆಯಾ ಎಲ್ಲರ ಲೋಟಕ್ಕೂ ಮದ್ದಿನ ಮದ್ಯ ಸುರಿದ.

ಚಿಗುಸಾ ಆಮೇಲೆ ಎರಡು ಸಲ ಒಸಾಕಾದಿಂದ ಬಂದಳು. ಕರಾರು ಮುರಿಯಲು ನೋಡುತ್ತೇನೆ ಎಂದಳು. "ಮುರಿದ ಮೇಲೆ ನಿನ್ನ ಗಂಡ ಏನಂತಾನೆ? ಅವನಿಗೆ ಹೇಳಿದ್ದೀಯಾ?" ಎಂದು ಮಿಸಾವೊ ಕೇಳಿದಳು. ಹುಡುಗಿ ತಲೆ ತಗ್ಗಿಸಿದಳು. "ಅಯ್ಯೋ, ನನ್ನಿಂದ ನಿಮಗೆ ತೊಂದರೆ ಯಾಕೆ. ಹೋಗ್ತೀನಿ ಬಿಡು," ಎಂದಳು ಮಿಸಾವೊ. ಹೇಳಿ ಮುಗಿಸಿದ ಮೇಲೆ ತೊಕಿ ಎಂಥ ಹೆಂಗಸು ಎಂದು ಅವಳಿಗೇ ಸೋಜಿಗವಾಯಿತು. ಒಸಾಕಾದಲ್ಲಿ ಕೂತು ತನ್ನ ಬಾಯಿಂದ ಬರುವ ಮಾತನ್ನು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದಳಲ್ಲ.

ಗುಡ್ಡದ ಹಿಂದೆ ನಗರಸಭೆಯ ವಸತಿಯಲ್ಲಿ ಒಂದು ಕೋಣೆ ಸಿಕ್ಕಿತು. ಅಲ್ಲಿಂದ ಕಡಲು ಕಾಣುವುದಿಲ್ಲ. ಹೊರಡುವ ದಿನ ಹತ್ತು ಮನೆಯವರೂ ಬಂದರು. ಕೇಳದೆಯೇ ಒಬ್ಬೊಬ್ಬರು ಒಂದೊಂದು ಸಾಮಾನು ಎತ್ತಿಕೊಂಡರು. ಮಿಸಾವೊ ಪ್ರತಿಯೊಂದು ಗಂಟನ್ನೂ ಬಾಗಿಲಲ್ಲಿ ತಡೆದು, ಒಳಗೇನಿದೆ ಎಂದು ಮುಟ್ಟಿ ನೋಡಿ ಬಿಟ್ಟಳು. "ನಿನ್ನ ಹರಕು ಕಂಬಳಿ ಕದ್ದು ನಾನು ಅರಮನೆ ಕಟ್ತೀನಾ?" ಎಂದಳು ಕಿನುಯೊ. "ನಿನ್ನ ಕೈ ನನಗೆ ಗೊತ್ತು," ಎಂದಳು ಮಿಸಾವೊ. ಹಾಗೆಂದವಳೇ ಇಸಾಮುವಿನ ಫೋಟೋವನ್ನು ಅವಳ ಕೈಗೇ ಕೊಟ್ಟಳು.

ಎಲ್ಲರೂ ಇಳಿದು ಹೋದ ಮೇಲೆ ಕೊನೆಯವಳಾಗಿ ಹೊರಬಂದಳು. ಓಣಿಯಲ್ಲಿ ಎಲ್ಲಿಂದಲೋ ಬಂದಿದ್ದ ಒಂದು ಜೋಡಿ ನಿಂತಿತ್ತು. ಹುಡುಗನ ಕೈಯಲ್ಲಿ ಚಿತ್ರದ ಹಾಳೆ.

"ಅಜ್ಜಿ, ಈ ಮನೆ ಆ ಚಿತ್ರದಲ್ಲಿ ಬರುತ್ತಾ?"

ಮಿಸಾವೊ ಹಾಳೆಯನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು ನೋಡಿದಳು. ಆಮೇಲೆ ಹಿಂತಿರುಗಿ ಮನೆಯನ್ನು ನೋಡಿದಳು, ಸೂರಿನಿಂದ ಹೊಸ್ತಿಲವರೆಗೆ, ಬೆಲೆ ಕಟ್ಟುವವಳಂತೆ.

"ಗೊತ್ತಿಲ್ಲಪ್ಪ," ಎಂದಳು. "ನಾನು ನಲವತ್ತೆರಡು ವರ್ಷ ಇಲ್ಲೇ ಇದ್ದೆ. ಚಿತ್ರ ನೋಡಿಲ್ಲ."

ಹಾಳೆ ವಾಪಸು ಕೊಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿಯತೊಡಗಿದಳು.