ದುಡಿದ ನೋವು, ಬಡಿದ ನೋವು

ಆಕೆಯ ಎರಡೂ ಹೆಬ್ಬೆರಳುಗಳು ತುದಿಯಲ್ಲಿ ಹಿಂದಕ್ಕೆ ಬಾಗಿ ಚಪ್ಪಟೆಯಾಗಿದ್ದವು. ಉಗುರಿನ ಸಂದಿಯಲ್ಲಿ ಸದಾ ಕುಸುಬೆ ಎಣ್ಣೆಯ ಜಿಡ್ಡು. ಆ ಬೆರಳನ್ನು ಬೆನ್ನ ಮೇಲೆ ಒತ್ತಿದರೆ ನೋವು ಎಲ್ಲಿ ಕೂತಿದೆಯೆಂದು ನಮಗಿಂತ ಮೊದಲು ಆಕೆಗೇ ತಿಳಿಯುತ್ತಿತ್ತು. ಎಲ್ಲರೂ ಆಕೆಯನ್ನು ಎಣ್ಣೆ ಅವ್ವ ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಕೃಷ್ಣರಾಜಪುರದಲ್ಲಿ ನನ್ನ ಗಂಡನ ಮನೆಯವರು ರಾಗಿ ಹೊಲವಿದ್ದ ಜಾಗದಲ್ಲಿ ಸಾಲಾಗಿ ಬಾಡಿಗೆ ಕೋಣೆಗಳನ್ನು ಕಟ್ಟಿಸಿದ್ದರು. ಕಲಬುರ್ಗಿ ಕಡೆಯಿಂದ ಬಂದ ಎಣ್ಣೆ ಅವ್ವ ಕೊನೆಯ ಕೋಣೆಯಲ್ಲಿ ಒಬ್ಬಳೇ ಇದ್ದಳು. ವಾರವೆಲ್ಲ ಇಟ್ಟಿಗೆ ಹೊತ್ತು, ಭಾನುವಾರ ಮಧ್ಯಾಹ್ನ ಒಗೆಯುವ ಕಲ್ಲಿನ ಪಕ್ಕ ಚಾಪೆ ಹಾಸಿ ಹೆಂಗಸರ ಮೈ ತಿಕ್ಕುತ್ತಿದ್ದಳು. ಕೈ ಒರಟು, ಬಾಯಿ ಇನ್ನೂ ಒರಟು.

ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಗೆ, "ದಿನವೆಲ್ಲ ಕತ್ತು ಬಗ್ಗಿಸಿ ಕುಂತ್ರ ಇನ್ನೇನಾಗ್ತದ? ನಡುನಡುವ ಎದ್ದು ಭುಜ ತಿರುವು" ಎನ್ನುವಳು. ಮೀನಖಂಡ ಹಿಡಿದುಕೊಂಡಿದೆ ಎಂದು ಅಳುತ್ತ ಬಂದವಳಿಗೆ, "ಬಿಸಿಲಾಗ ದುಡದಿ, ನೀರು ಕುಡದಿಲ್ಲ. ಉಪ್ಪು ಹಾಕಿ ಮಜ್ಜಿಗಿ ಕುಡಿ, ಕಾಲು ಚಾಚು" ಎಂದು ಪಾದವನ್ನು ಹಿಂದಕ್ಕೆ ಒತ್ತಿ ಹಿಡಿಯುವಳು. ಮೈ ನೋವೆಂದು ಹಾಸಿಗೆ ಹಿಡಿದವರನ್ನು ಎಬ್ಬಿಸಿ ನಡೆಸುವಳು.

ಒಂದು ಭಾನುವಾರ ನಾನೂ ಹೋದೆ. ನೀರಿನ ಬಿಂದಿಗೆ ಎತ್ತಿ ಭುಜ ನೋಯುತ್ತಿದೆ ಎಂದೆ. ಒಮ್ಮೆ ಬೆರಳಿಟ್ಟು ನೋಡಿದವಳು ಕೈ ತೆಗೆದುಬಿಟ್ಟಳು.

"ಇದನ್ನ ನಾ ತಿಕ್ಕಂಗಿಲ್ಲ ಅಕ್ಕೋರ."

"ಯಾಕೆ?"

"ದುಡದ ನೋವು ಮರುದಿನ ಬರ್ತದ, ನಾಕು ದಿನಕ್ಕ ಹೋಗ್ತದ. ಇದು ಬಡದ ನೋವು. ತಿಕ್ಕಿದ್ರ ಒಳಗ ರಕ್ತ ಹೆಚ್ಚಾಗ್ತದ. ಎರಡು ದಿನ ತಣ್ಣೀರ ಬಟ್ಟಿ ಹಾಕ್ರಿ. ಆಮ್ಯಾಲ ಬೇಕಾದ್ರ ಬಿಸಿ ಶಾಖ."

ಯಾರು ಹೊಡೆದರೆಂದು ಕೇಳಲಿಲ್ಲ. ನನ್ನ ಕೈಯನ್ನು ತನ್ನ ದವಡೆಯ ಮೇಲಿಟ್ಟುಕೊಂಡಳು. ಮೂಳೆ ಮುರಿದು ಸೊಟ್ಟಗೆ ಕೂಡಿತ್ತು. ಊರಿನಲ್ಲಿ ಆಕೆಯ ಗಂಡ ಬಾರುಕೋಲಿನ ಹಿಡಿಯಿಂದ ಹೊಡೆದದ್ದು. ಅದಾದ ಮೇಲೆಯೇ ಆಕೆ ರೈಲು ಹತ್ತಿದ್ದು.

ಅದಾಗಿ ಮೂರು ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ, ತನ್ನ ಅಂಗಿಯ ಗುಂಡಿ ಹೊಲಿದಿಟ್ಟಿಲ್ಲವೆಂದು ನನ್ನ ಗಂಡ ಕೂದಲು ಹಿಡಿದು ಹಜಾರಕ್ಕೆ ಎಳೆದ. ಮುಖ ಗೋಡೆಗೆ ಬಡಿಯಿತು. ಬಾಯಿ ತುಂಬ ರಕ್ತ. ಅವನು ಮೂಲೆಯಲ್ಲಿದ್ದ ಬೋರ್‌ವೆಲ್ಲಿನ ಕಬ್ಬಿಣದ ಪೈಪು ಎತ್ತಿಕೊಂಡ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸಾಕು ಬಿಡೋ" ಎಂದರೇ ಹೊರತು ಒಂದು ಹೆಜ್ಜೆ ಮುಂದೆ ಬರಲಿಲ್ಲ.

ಪೈಪು ಕೆಳಗಿಳಿಯುವಷ್ಟರಲ್ಲಿ ನನ್ನ ಮೇಲೆ ಯಾರೋ ಬಿದ್ದರು. ಲಟ್ ಎಂದಿತು. ಒಗೆಯುವ ಕಲ್ಲಿನಿಂದ ಓಡಿ ಬಂದ ಒದ್ದೆ ಸೀರೆ, ಕುಸುಬೆ ಎಣ್ಣೆಯ ವಾಸನೆ. ಅದು ಎಣ್ಣೆ ಅವ್ವ ಎಂದು ಗೊತ್ತಾಯಿತು. ಆಕೆಯ ಬಲ ಹೆಗಲು ಜೋತುಬಿದ್ದಿತ್ತು.

"ಬಾಡಿಗೆಗೆ ಇರೋಳು ನೀನು, ಒಳಗಡೆ ಯಾಕೆ ಬಂದೆ?" ಎಂದು ಅವನು ಮತ್ತೆ ಕೈ ಎತ್ತಿದ.

ಆಕೆ ಎಡಗೈಯಿಂದ ಅವನ ಮೊಣಕೈ ಹಿಡಿದು, ಒಳಮಗ್ಗುಲಿನ ಸಂದಿಗೆ ಹೆಬ್ಬೆರಳು ಊರಿದಳು. ಅವನು ಚೀರಿದ. ಬೆರಳುಗಳು ತಾವಾಗಿ ಬಿಚ್ಚಿಕೊಂಡವು, ಪೈಪು ಬಿತ್ತು. ಆಕೆ ಅದನ್ನೆತ್ತಿ ಒಂದೇ ಏಟು ಹಾಕಿದಳು, ಮಂಡಿಗೆ. ಅವನು ಕುಸಿದು ನೆಲದ ಮೇಲೆ ಹೊರಳಾಡಿದ. ಇನ್ನೊಂದು ಏಟು ಹಾಕಲಿ ಎಂದು ನಾನು ಕಾಯುತ್ತಿದ್ದೆ. ಈಗಲೂ ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಎಣ್ಣೆ ಅವ್ವ ಪೈಪು ಬಿಸಾಡಿ ಅತ್ತೆಯ ಕಡೆ ತಿರುಗಿದಳು. "ಎರಡು ದಿನ ತಣ್ಣೀರ ಬಟ್ಟಿ ಹಾಕ್ರಿ. ತಿಕ್ಕಬ್ಯಾಡ್ರಿ," ಎಂದಳು. ಆಮೇಲೆ ನನಗೆ, "ನಡಿ."

ಅಲ್ಲಿಯವರೆಗೂ ನನ್ನನ್ನು ಆಕೆ ಏಕವಚನದಲ್ಲಿ ಕರೆದಿರಲಿಲ್ಲ. ಚಪ್ಪಲಿ ಕೂಡ ಹಾಕಿಕೊಳ್ಳದೆ ಹಿಂದೆ ನಡೆದೆ. ಅವನು ಪೊಲೀಸರ ಹತ್ತಿರ ಹೋಗಲಿಲ್ಲ. ಬಾಡಿಗೆಗಿದ್ದ ಹೆಂಗಸೊಬ್ಬಳು ತನ್ನನ್ನು ಕೆಡವಿದಳೆಂದು ಹೇಳಿಕೊಳ್ಳುವುದು ಅವನಿಂದಾಗಲಿಲ್ಲ. ಅವನ ತಮ್ಮಂದಿರು ಆಕೆಯ ಪಾತ್ರೆಗಳನ್ನೆಲ್ಲ ಜಜ್ಜಿ ಮೋರಿಗೆ ಎಸೆದರಂತೆ.

ಜೋಗುಪಾಳ್ಯದಲ್ಲಿ ಒಂದು ಕೋಣೆ ಹಿಡಿದೆವು. ನಾನು ಗಾರ್ಮೆಂಟ್ಸ್ ಸೇರಿದೆ. ಆಸ್ಪತ್ರೆಯಲ್ಲಿ ಆಕೆಯ ಹೆಗಲಿಗೆ ಪಟ್ಟಿ ಕಟ್ಟಿದರೂ ಆ ಕೈ ಮತ್ತೆಂದೂ ಎದೆಯಿಂದ ಮೇಲಕ್ಕೆ ಏಳಲಿಲ್ಲ, ಇಟ್ಟಿಗೆ ಹೊರುವುದು ಮುಗಿಯಿತು. ಭಾನುವಾರ ಬರುವ ಹೆಂಗಸರ ಮೈಯನ್ನು ನಾನು ತಿಕ್ಕುತ್ತಿದ್ದೆ, ಆಕೆ ಪಕ್ಕದಲ್ಲಿ ಕೂತು, "ಅಲ್ಲಲ್ಲ, ಇನ್ನಾ ಕೆಳಗ" ಎಂದು ಬೈಯುತ್ತಿದ್ದಳು. ಆಕೆಗೆ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಒಂಬತ್ತು ವರ್ಷ, ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಾಚಿ ಗಂಟು ಹಾಕುತ್ತಿದ್ದೆ.

"ನನ್ನಿಂದ ನಿನ್ನ ಕೈ ಹೋಯ್ತು ಅವ್ವಾ" ಎಂದೆ ಒಂದು ಸಲ.

"ಇದ್ದಾಗ ಏನು ದೊಡ್ಡ ಅರಮನಿ ಕಟ್ಟಿದ್ದೆ? ಸುಮ್ನ ಬಾಚು."

ಜ್ವರ ಬಂತು, ನ್ಯುಮೋನಿಯಾಗೆ ತಿರುಗಿತು, ಅವ್ವ ತೀರಿಹೋದಳು. ಮಣ್ಣಿಗೆ ಒಯ್ಯುವ ಮುಂಚೆ ಹೆಂಗಸರು ಸ್ನಾನ ಮಾಡಿಸಿ, ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟರು. ಮೂರು ದಿನದ ಜ್ವರದಲ್ಲಿ ಕೂದಲು ಸಿಕ್ಕಾಗಿತ್ತು. ಎಳೆದರೆ ನೋಯುತ್ತದೇನೋ ಎಂದು, ಬುಡ ಹಿಡಿದುಕೊಂಡು ನಿಧಾನವಾಗಿ ಬಿಡಿಸಿದೆ.