ತಿರುಪಕ್ಕನ ಜೋಡಿ ಡಿಸ್ಕು

ಲ್ಯಾಪ್‌ಟಾಪ್ ಬಿಚ್ಚಿ ಮತ್ತೆ ಮುಚ್ಚಿದ ಮೇಲೆ ಮೇಜಿನ ಮೇಲೆ ಒಂದೂ ತಿರುಪು ಉಳಿಸದ ರಿಪೇರಿಯವರು ಈ ಭೂಮಂಡಲದಲ್ಲಿ ಇಬ್ಬರೇ. ಒಬ್ಬರು ಇನ್ನೂ ಹುಟ್ಟಿಲ್ಲ. ಇನ್ನೊಬ್ಬಳು ನಮ್ಮ ತಿರುಪಕ್ಕ.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಯಂತ್ರದ ಚಿತ್ರವನ್ನು ರಟ್ಟಿನ ಮೇಲೆ ಬರೆದು, ಎಲ್ಲಿಯ ತಿರುಪನ್ನು ಅಲ್ಲಿಯೇ ಚುಚ್ಚಿಡುವುದು ಅವಳ ಪದ್ಧತಿ. ಕೆಲಸದ ಹಂತಗಳನ್ನೆಲ್ಲ ಮೊದಲೇ ಹಾಳೆಯಲ್ಲಿ ಬರೆದು ಗಂಡನ ಕೈಗೆ ಕೊಡುವುದು ಇನ್ನೊಂದು. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದ ಆತ ಒಂದೊಂದೇ ಸಾಲು ಓದಬೇಕು, ಅದು ಮುಗಿದರೆ ಎದುರಿಗೆ ಗುರುತು ಹಾಕಿ “ರೈಟ್!” ಅನ್ನಬೇಕು. ಅನ್ನುವ ತನಕ ಮುಂದಿನ ಸಾಲಿಗೆ ಅವಳು ಬೆರಳೂ ಅಲ್ಲಾಡಿಸುವುದಿಲ್ಲ. ಆತನ ಒಂದು “ರೈಟ್”ಗೆ ಆಚೆ ಬೀದಿಯಲ್ಲಿ ನಿಂತ ಗಾಡಿಗಳೂ ಹೊರಟುಬಿಡುತ್ತಿದ್ದವು.

ಒಂದು ಭಾನುವಾರ ಬೆಳಿಗ್ಗೆ ನಾದಿನಿ ತನ್ನ ಲ್ಯಾಪ್‌ಟಾಪ್ ಹೊತ್ತು ಬಂದಳು. ತೊಡೆಯ ಮೇಲಿಟ್ಟುಕೊಂಡರೆ ಮೂರು ದಿನ ಕುಂಟಬೇಕು, ಅಂಥ ದಪ್ಪದ್ದು.

“ಅತ್ತಿಗೆ, ಇದು ಟಿಕ್ ಟಿಕ್ ಅಂತಿದೆ. ದೊಡ್ಡ ಅಂಗಡಿಯೋರು ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ಅಂದ್ರು. ನಿಮ್ಮ ಕೈಲಿ ಆಗುತ್ತಾ? ಇಲ್ಲಾಂದ್ರೆ ಬಾಗಿಲಿಗೆ ಅಡ್ಡ ಇಡೋಕೆ ಇಟ್ಕೋತೀನಿ.”

ನಾದಿನಿಯದು ಸ್ವೆಟರ್ ಹೆಣೆಯುವ ಯಂತ್ರ. ಅದಕ್ಕೆ ವಿನ್ಯಾಸ ಕೊಡುವ ತಂತ್ರಾಂಶ ಈ ಲ್ಯಾಪ್‌ಟಾಪಿನಲ್ಲಿತ್ತು. ಮಾಡಿದ ಕಂಪನಿ ಮುಚ್ಚಿ ಯಾವುದೋ ಕಾಲವಾಗಿತ್ತು. ಅಳಿಸಿದರೆ ಮತ್ತೆ ಹಾಕಿಕೊಡುವವರಿಲ್ಲ. ಹೆಣಿಗೆ ಯಂತ್ರ ಬಟ್ಟೆ ಒಣಹಾಕಲಷ್ಟೇ ಲಾಯಕ್ಕು. ಆದ್ದರಿಂದ ಟಿಕ್ ಟಿಕ್ ಎನ್ನುವ ಹಳೆಯ ಡಿಸ್ಕಿನಲ್ಲಿರುವ ವ್ಯವಸ್ಥೆಯನ್ನು ಇದ್ದ ಹಾಗೇ ಎತ್ತಿ ಹೊಸ ಡಿಸ್ಕುಗಳಿಗೆ ಸಾಗಿಸಬೇಕು. ಅದೂ ಒಂದಕ್ಕಲ್ಲ, ಎರಡಕ್ಕೆ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಬರೆದುಕೊಳ್ಳುವ ಜೋಡಿ. ಒಂದು ಸತ್ತರೂ ಇನ್ನೊಂದು ಸಂಸಾರ ನಡೆಸಬೇಕು. ರೇಡ್ ಎನ್ನುತ್ತಾರೆ ಅದಕ್ಕೆ.

“ಆಗುತ್ತೆ. ಕೂತ್ಕೋ, ಬಾಯಿ ಮುಚ್ಕೊಂಡು,” ಎಂದಳು ತಿರುಪಕ್ಕ.

ಬಾಯಿ ಮುಚ್ಚುವುದು ನಾದಿನಿಗೆ ಆಗದ ಕೆಲಸ. “ಅಣ್ಣ, ಬಸ್ಸಲ್ಲಿ ನೀನು ಜನಕ್ಕೆ ಹೇಳ್ತಿದ್ದೆ, ಈಗ ಹೆಂಡ್ತಿ ಹೇಳಿದ್ದು ಕೇಳ್ತೀಯ” ಎಂದು ಕೆಣಕಿದಳು. “ಹೋಗೇ, ನಿನ್ನ ಸ್ವೆಟರ್ ಹಾಕ್ಕೊಂಡ್ರೆ ಎರಡು ತೋಳೂ ಒಂದೇ ಕಡೆ ಬಂದಿದ್ವು” ಎಂದ ಅವನು. ಆ ಜಗಳದ ನಡುವೆಯೇ ಸಾಲುಗಳು ಓಡಿದವು, ರೈಟ್‌ಗಳು ಹಾರಿದವು. ಹಳೆಯ ಡಿಸ್ಕಿನಲ್ಲಿದ್ದ ಎಲ್ಲದರ ಪಡಿಯಚ್ಚನ್ನು ಹೊರಗಿನ ಬೇರೊಂದು ಡಿಸ್ಕಿಗೆ ತೆಗೆದದ್ದಾಯಿತು. ಅದನ್ನು ಕಳಚಿ ಪಕ್ಕಕ್ಕಿಟ್ಟು, ಹೊಸ ಎರಡನ್ನು ಕೂರಿಸಿ, ಜೋಡಿ ಮಾಡಿ, ಪಡಿಯಚ್ಚನ್ನು ಸುರಿದದ್ದೂ ಆಯಿತು.

ಗುಂಡಿ ಒತ್ತಿದಳು. ಪರದೆ ನೀಲಿಯಾಯಿತು. ಮತ್ತೆ ಒತ್ತಿದಳು. ಇನ್ನೂ ನೀಲಿ.

“ಹೋಯ್ತಾ?” ಎಂದಳು ನಾದಿನಿ. ಆ ಒಂದು ಪದದಲ್ಲಿ ಕೆಣಕು ಇರಲಿಲ್ಲ, ಅಳುವಿತ್ತು.

ತಿರುಪಕ್ಕ ಗಂಡನ ಕೈಯಿಂದ ಹಾಳೆ ಕಿತ್ತುಕೊಂಡಳು. ಮೂರನೇ ಸಾಲು: ‘ಹಳೆ ಡಿಸ್ಕು ಒಳಗಿರುವಾಗಲೇ, ಜೋಡಿಯನ್ನು ಗುರುತಿಸುವ ಪುಟ್ಟ ತಂತ್ರಾಂಶ ಹಾಕು.’ ಅದರ ಎದುರು ಗುರುತೇ ಇರಲಿಲ್ಲ. ಹಳೆಯ ವ್ಯವಸ್ಥೆಗೆ ಹೊಸ ಮನೆಯ ಬೀಗದ ಕೈ ಕೊಡದೆ ಸಾಮಾನೆಲ್ಲ ಒಳಗೆ ಸಾಗಿಸಿದ್ದರು.

ಕಂಡಕ್ಟರ್ ತಲೆ ತಗ್ಗಿಸಿದ. “ಮೂವತ್ತು ವರ್ಷದಲ್ಲಿ ಒಂದು ಸ್ಟಾಪೂ ಬಿಟ್ಟಿರ್ಲಿಲ್ಲ ಕಣೇ.”

“ಬಿಡಿ ರೀ. ಬಸ್ಸನ್ನ ಹಿಂದಕ್ಕೆ ತಗೊಳ್ಳೋಣ.”

ಹಿಂದಕ್ಕೆ ಹೋಗಬೇಕೆಂದರೆ ಆ ಟಿಕ್ ಟಿಕ್ ಮುದುಕ ಡಿಸ್ಕು ಇನ್ನೊಮ್ಮೆ ಏಳಬೇಕು. ಅದನ್ನು ಕೂರಿಸಿ, ಸೆಟ್ಟಿಂಗ್ ಮೊದಲಿನಂತೆ ಮಾಡಿ ಗುಂಡಿ ಒತ್ತಿದಳು. ಟಿಕ್ ಟಿಕ್, ನಂತರ ಮೌನ. ಎರಡನೇ ಸಲವೂ ಮೌನ. ನಾದಿನಿ ಸೆರಗಿನ ತುದಿ ಕಚ್ಚಿದಳು. ತಿರುಪಕ್ಕ ಲ್ಯಾಪ್‌ಟಾಪನ್ನು ಎತ್ತಿ, ಕಪಾಟಿನ ಪುಸ್ತಕದಂತೆ ಅಂಚಿನ ಮೇಲೆ ನಿಲ್ಲಿಸಿ ಒತ್ತಿದಳು. ಒಳಗೆ ಸುಯ್ಯೆಂದು ತಿರುಗುವ ಸದ್ದು. ಮುದುಕ ಎದ್ದ.

“ಸಾಲು ಮೂರು,” ಎಂದ ಗಂಡ, ಈಗ ಪಿಸುಮಾತಿನಲ್ಲಿ. ಅವಳು ಒಂದು ಕೈಯಲ್ಲಿ ಯಂತ್ರ ಹಿಡಿದು ಇನ್ನೊಂದರಿಂದ ಪುಟ್ಟ ತಂತ್ರಾಂಶ ಹಾಕಿದಳು. “ರೈಟ್.” ಮತ್ತೆ ಪಡಿಯಚ್ಚು. ಅದು ಮುಗಿಯಲು ಎರಡು ಗಂಟೆ. ಸ್ಟ್ಯಾಂಡಿಗೆ ಒರಗಿಸೋಣವೆಂದು ಗಂಡ ಅಂದರೂ, ಅಲುಗಿದರೆ ಮುದುಕ ನಿಂತುಬಿಟ್ಟಾನೆಂದು ತಿರುಪಕ್ಕ ಕೇಳಲಿಲ್ಲ. ಎರಡು ಗಂಟೆಯೂ ಕೈಯಲ್ಲೇ ಹಿಡಿದು ಕೂತಳು. ನಾದಿನಿ ಲೋಟ ಹಿಡಿದು ಅತ್ತಿಗೆಗೆ ನೀರು ಕುಡಿಸಿದಳು, ಮೂಗು ತುರಿಸಿದಾಗ ಮೂಗನ್ನೂ ಕೆರೆದಳು. ಪಡಿಯಚ್ಚು ಮುಗಿದ ಅರೆಗಳಿಗೆಗೆ ಮುದುಕ ಡಿಸ್ಕು ದೊಡ್ಡದಾಗಿ ಟಕ್ಕೆಂದು ನಿಂತೇಹೋಯಿತು. ಆಮೇಲೆ ಅದು ಏಳಲಿಲ್ಲ.

ಮತ್ತೆ ಜೋಡಿ, ಮತ್ತೆ ಸುರಿದದ್ದು, ಮತ್ತೆ ಗುಂಡಿ. ಈ ಸಲ ಪರದೆ ತೆರೆಯಿತು. ಅದೇ ಹಳೆಯ ಚಿತ್ರ, ಅದೇ ವಿನ್ಯಾಸಗಳು. ಒಂದು ಎಳೆಯೂ ಜಾರಿರಲಿಲ್ಲ.

ನಾದಿನಿ ಕೈ ಚಾಚಿದಳು. ತಿರುಪಕ್ಕ ಕೊಡಲಿಲ್ಲ. ಯಂತ್ರ ಆರಿಸಿ, ಜೋಡಿಯಲ್ಲಿ ಒಂದು ಡಿಸ್ಕನ್ನು ಎಳೆದು ಹೊರಗಿಟ್ಟಳು.

“ಅಯ್ಯೋ ಅತ್ತಿಗೆ! ಸರಿ ಹೋಗಿದ್ದನ್ನ ಯಾಕೆ ಕೆಡಿಸ್ತೀರಿ?”

“ನೋಡ್ತಿರು.”

ಒಂದೇ ಡಿಸ್ಕಿನ ಮೇಲೆ ಲ್ಯಾಪ್‌ಟಾಪ್ ಎದ್ದಿತು. ಜೊತೆಗಾರ ಕಾಣುತ್ತಿಲ್ಲವೆಂದು ಸ್ವಲ್ಪ ಗೊಣಗಿತು, ಅಷ್ಟೆ. ಮತ್ತೆ ಆರಿಸಿ ಡಿಸ್ಕನ್ನು ಒಳಗೆ ಕೂರಿಸಿ, ರಟ್ಟಿನ ಮೇಲಿನ ತಿರುಪುಗಳನ್ನು ಒಂದೊಂದಾಗಿ ಬಿಗಿದಳು. ಒಂದೂ ಉಳಿಯಲಿಲ್ಲ.

ತಿರುಪಕ್ಕ ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ನಾದಿನಿ ಹೊರಗಿನವರ ಮುಂದೆ ಅವಳನ್ನು ‘ನಮ್ಮಣ್ಣನ ಹೆಂಡ್ತಿ’ ಎಂದೇ ಪರಿಚಯಿಸಿದ್ದಳು. ಈಗ ದೊಡ್ಡ ಅಂಗಡಿಗೆ ಫೋನ್ ಹಚ್ಚಿ, ಫೋನೇ ಬೇಡವೆನ್ನಿಸುವಷ್ಟು ಗಟ್ಟಿಯಾಗಿ ಹೇಳಿದಳು: “ಅಳಿಸಲೇಬೇಕು ಅಂದ್ರಲ್ಲ ನೀವು? ಒಂದಕ್ಷರ ಅಳಿಸದೆ ಸಾಗಿಸಿದಾರೆ. ಯಾರಾ? ನಮ್ಮತ್ತಿಗೆ!”

ತಿರುಪಕ್ಕ ಬಿಗಿದಿದ್ದ ತಿರುಪನ್ನೇ ಇನ್ನೊಮ್ಮೆ ಬಿಗಿಯುವವಳಂತೆ ತಲೆ ಬಗ್ಗಿಸಿದಳು. ಕಂಡಕ್ಟರ್ ಮೂರನೇ ಸಾಲಿಗೆ ಗುರುತು ಹಾಕಿ, ಕತ್ತು ನೆಟ್ಟಗೆ ಮಾಡಿ ಕೂಗಿದ: “ರೈಟ್!”