ಲೆಕ್ಕದ ಅಂಕಣಕ್ಕೆ ಇಳಿದ ಮುನಿವೆಂಕಟಪ್ಪನವರು

ಜಡಿಗೇನಹಳ್ಳಿ ಕಡೆಯ ನಮ್ಮೂರಿನಲ್ಲಿ ಕಬಡ್ಡಿ ಎಂದರೆ ಮುನಿವೆಂಕಟಪ್ಪನವರು. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು, ಮೈಕ್ ಕಟ್ಟಿಸುವುದು, ಗೆದ್ದವರಿಗೂ ಸೋತವರಿಗೂ ಚಿತ್ರಾನ್ನ ಹಂಚುವುದು, ಎಲ್ಲ ಅವರದೇ. ತೋಟಕ್ಕೆ ನೀರು ಹಾಯಿಸುವಾಗಲೂ ಕೊರಳಲ್ಲಿ ಸೀಟಿ ನೇತಾಡುತ್ತಿರುತ್ತದೆ. ಹತ್ತನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಫೇಲಾಗಿ ಓದು ಬಿಟ್ಟವರು. ಯಾರೂ ಕೇಳದಿದ್ದರೂ ಅದನ್ನು ತಾವಾಗಿಯೇ ಹೇಳಿಕೊಳ್ಳುತ್ತಾರೆ.

ಮದುವೆಯಾಗಿ ಬೆಂಗಳೂರಿನಿಂದ ಇಲ್ಲಿಗೆ ಬಂದ ನನಗೆ ಮಗಳ ಓದಿನ ಚಿಂತೆ ಬಿಟ್ಟರೆ ಬೇರೆ ಕಸುಬಿಲ್ಲ ಎನ್ನುತ್ತಾರೆ ನಮ್ಮತ್ತೆ. ಪಂಚಾಯಿತಿಯಿಂದ ಐದನೇ ಕ್ಲಾಸಿನವರಿಗೆ ಗಣಿತ ಸ್ಪರ್ಧೆ ಎಂದಾಗ ಮಗಳು ಸಿಂಚನಳಿಗಿಂತ ಮೊದಲು ನಾನೇ ಮಗ್ಗಿ ಪುಸ್ತಕ ಹಿಡಿದು ಕೂತೆ. ಮುನಿವೆಂಕಟಪ್ಪನವರಿಗೆ ಮಾತ್ರ ಅದು ಟೂರ್ನಮೆಂಟು. ಮೊಮ್ಮಗಳು ಬಿಂದುಶ್ರೀಯೂ ಹೆಸರು ಕೊಟ್ಟಳೆಂದು ಗೊತ್ತಾದದ್ದೇ ತಡ, ಹೊಸಕೋಟೆಗೆ ಹೋಗಿ ಫ್ಲೆಕ್ಸ್ ಮಾಡಿಸಿ ತಂದರು. ತಂಡ ಆಡಲು ಹೊರಡುವ ಮುಂಚೆ ಫ್ಲೆಕ್ಸ್ ಕಟ್ಟುವುದು ಅವರ ಹಳೆಯ ರೂಢಿ. ಬಸ್ ಸ್ಟಾಪಿನಲ್ಲಿ ಬಿಂದುಶ್ರೀಯ ಮುಖ ಮೊರದಗಲ ಮೂಡಿತು. ಅದರ ಕೆಳಗೆ ‘ಗಣಿತದ ಹುಲಿಗೆ ಶುಭ ಕೋರುವವರು ಗೆಳೆಯರ ಬಳಗ’ ಎಂದು ಬರೆದಿತ್ತು. ಮೂಲೆಯಲ್ಲಿ ನಮ್ಮ ಸಿಂಚನಳ ಹೆಸರೂ ಇತ್ತು. ಸದ್ಯ, ಫೋಟೋ ಇರಲಿಲ್ಲ.

ಸ್ಪರ್ಧೆಯ ಬೆಳಿಗ್ಗೆ ಸಿಂಚನಳನ್ನು ಕರೆದುಕೊಂಡು ಮುನಿವೆಂಕಟಪ್ಪನವರ ಮನೆಗೆ ಹೋದರೆ ಬಿಂದುಶ್ರೀ ಜಗಲಿಯ ಕಂಬ ತಬ್ಬಿಕೊಂಡು ನಿಂತಿದ್ದಳು.

‘ನಾನ್ ಬರಲ್ಲ ತಾತ. ಭಾಗಾಕಾರ ಬರಲ್ಲ ನಂಗೆ. ಸೋತೋದ್ರೆ ಡೈರಿಗೆ ಹಾಲು ಹಾಕೋಕ್ ಬರೋರೆಲ್ಲ ಹುಲಿ ಹುಲಿ ಅಂತ ಆಡ್ಕೊತಾರೆ.’

‘ಗೆದ್ಮೇಲೆ ಕಟ್ಟು ಅಂತ ಬಡ್ಕೊಂಡೆ,’ ಎಂದರು ಒಳಗಿನಿಂದ ಅಜ್ಜಿ ಲಕ್ಷ್ಮೀದೇವಮ್ಮ. ‘ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲ್ಸೋದು ಈವಯ್ಯನ ಚಾಳಿ.’

ಮುನಿವೆಂಕಟಪ್ಪನವರು ಅಟ್ಟ ಹತ್ತಿ ಯಾವುದೋ ಹಳೆಯ ಕಬಡ್ಡಿ ಫ್ಲೆಕ್ಸ್ ಎಳೆದು, ಅದರಲ್ಲಿದ್ದ ತಮ್ಮದೇ ಮುಖವನ್ನು ಕತ್ತರಿಸಿದರು. ಗಮ್ ಡಬ್ಬಿ ಹಿಡಿದು ಬಸ್ ಸ್ಟಾಪಿಗೆ ನಡೆದರು. ಹೊತ್ತಾಯಿತಲ್ಲ ಎಂದು ಒದ್ದಾಡುತ್ತ ನಾನೂ ಮಕ್ಕಳೂ ಹಿಂದೆ ಹೋದೆವು. ನೋಡನೋಡುತ್ತಿದ್ದಂತೆ ಬಿಂದುಶ್ರೀಯ ಮುಖದ ಮೇಲೆ ಅವರ ಮುಖ ಅಂಟಿ, ಗಣಿತದ ಹುಲಿಗೆ ಗಿರಿಜಾ ಮೀಸೆ ಬಂತು.

‘ಸೋತ್ರೆ ನನ್ ನೋಡಿ ನಗ್ಲಿ ಬಿಡವ್ವ. ನಂಗೇನ್ ಹೊಸದಾ?’

ಬಿಂದುಶ್ರೀ ಕಣ್ಣೊರೆಸಿಕೊಂಡು ಕಿಸಕ್ಕೆಂದಳು.

‘ರೈಡ್‌ಗೆ ಹೋದೋಳು ಎಲ್ಲಾರ್ನೂ ಔಟ್ ಮಾಡ್ಕೊಂಡೇ ಬರ್ಬೇಕು ಅಂತೇನಿಲ್ಲ. ಗೊತ್ತಿರೋದ್ನ ಮುಟ್ಟು. ಭಾಗಾಕಾರ ಕಾಲು ಹಿಡ್ಕೊಂಡ್ರೆ ಕೊಸರ್ಕೊಂಡ್ ಮುಂದ್ಕೆ ಹೋಗು.’

ಶಾಲೆಯಲ್ಲಿ ಜನವೋ ಜನ. ಮಕ್ಕಳು ಒಳಗೆ, ಅಪ್ಪ ಅಮ್ಮಂದಿರೆಲ್ಲ ಕಿಟಕಿಗೆ ಜೋತುಬಿದ್ದಿದ್ದರು. ಪ್ರಶ್ನೆಪತ್ರಿಕೆ ಹಂಚಿ ಮುಗಿದದ್ದೇ ಮುನಿವೆಂಕಟಪ್ಪನವರು ಉದ್ದಕ್ಕೆ ಸೀಟಿ ಊದಿಬಿಟ್ಟರು.

‘ಏನ್ ಯಜಮಾನ್ರೇ, ಇದು ಪರೀಕ್ಷೆ,’ ಎಂದರು ವಾಣಿಶ್ರೀ ಮೇಡಂ.

‘ಶುರು ಹೆಂಗಮ್ಮ ಮಾಡ್ತೀರ ಮತ್ತೆ?’

ಒಳಗಿದ್ದ ಮಕ್ಕಳೆಲ್ಲ ನಗುತ್ತಲೇ ಬರೆಯತೊಡಗಿದರು. ಲೆಕ್ಕದ ಕಾಗದದ ಮುಂದೆ ಮಕ್ಕಳು ನಗುವುದನ್ನು ನಾನು ನನ್ನ ಶಾಲೆಯಲ್ಲಿ ಎಂದೂ ಕಂಡಿರಲಿಲ್ಲ. ಆದರೂ ನನ್ನ ಕಣ್ಣು ಸಿಂಚನಳ ಪೆನ್ಸಿಲಿನ ಮೇಲೇ. ಅವಳು ಅಳಿಸಿದಾಗಲೆಲ್ಲ ನಾನು ಕಿಟಕಿಯೊಳಗೆ ಇನ್ನಷ್ಟು ಕತ್ತು ತೂರಿಸುತ್ತಿದ್ದೆ. ಬಿಂದುಶ್ರೀ ಒಂದು ಕಡೆ ತಡೆದು ನಿಂತಳು, ಉಗುರು ಕಚ್ಚಿದಳು, ಆಮೇಲೆ ಪುಟ ತಿರುಗಿಸಿಬಿಟ್ಟಳು.

‘ಕೊಸರ್ಕೊಂಡ್ಲು ನೋಡು ಪವಿತ್ರಮ್ಮ,’ ಎಂದು ಮುನಿವೆಂಕಟಪ್ಪನವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಗಂಟೆ ಹೊಡೆದದ್ದೇ ಬಿಂದುಶ್ರೀ ಓಡಿ ಬಂದಳು. ‘ತಾತ, ಒಂದೇ ಒಂದು ಬಿಟ್ಟೆ, ಅದೂ ಭಾಗಾಕಾರ ಅಲ್ಲ. ಭಾಗಾಕಾರಕ್ಕೆ ವಾಪಸ್ ಹೋದೆ, ಶೇಷ ಸೊನ್ನೆ ಬಂದ್ಬಿಡ್ತು.’

ಫಲಿತಾಂಶ ಸಂಜೆಗೆ ಎಂದರು. ಊಟಕ್ಕೆಂದು ಮನೆಗೆ ಹೊರಟಾಗ ಬಸ್ ಸ್ಟಾಪಿನಲ್ಲಿ ಅವಳು ನಿಂತುಬಿಟ್ಟಳು.

‘ನಿನ್ ಮುಖ ತೆಗಿ ತಾತ. ನಂದು ಕಾಣ್ಲಿ.’

‘ರಿಸಲ್ಟ್ ಬರ್ಲಿ ತಡಿಯವ್ವ.’

‘ಬಂದ್ರೆ ಬರ್ಲಿ. ನೀನ್ ತೆಗಿ.’

ಕಿತ್ತರೆ ಮುಖವೆಲ್ಲ ಬಂತು, ಮೀಸೆ ಮಾತ್ರ ಅವಳ ತುಟಿಯ ಮೇಲೇ ಅಂಟಿಕೊಂಡು ಉಳಿಯಿತು. ‘ಇರ್ಲಿ ಬಿಡು,’ ಎಂದು ಅವಳು ಮುಂದೆ ನಡೆದಳು. ಸಿಂಚನ ನನ್ನ ಸೆರಗು ಜಗ್ಗಿದಳು.

‘ಅಮ್ಮ, ಮುಂದಿನ್ ಸಲ ನನ್ ಫೋಟೋನೂ ಹಾಕ್ಸು.’